ನೀಲಮ್ಮ ಟೀಚರ ಇದ್ದಲಿ

ನೀಲಮ್ಮ ಟೀಚರ ಕೈಚೀಲದಲ್ಲಿ ಕನ್ನಡಿ, ಬಾಚಣಿಗೆ ಇರುತ್ತಿರಲಿಲ್ಲ. ಬೆರಳುದ್ದದ ಔಷಧದ ಸೀಸೆ, ನಾಲ್ಕು ಗಾಜಿನ ನಳಿಕೆ ಇರುತ್ತಿದ್ದವು. ಆ ಔಷಧ ಬಿದ್ದ ನೀರು ನೇರಳೆಯಾದರೆ ಅದರಲ್ಲಿ ಕ್ರೋಮಿಯಂ ಎಂಬ ವಿಷಲೋಹ ಇದೆಯೆಂದು ಅರ್ಥ. ಇಳಕಲ್ಲಿನ ಪ್ರೌಢಶಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ.

ನಮ್ಮ ಓಣಿಯ ಕೈಪಂಪಿನ ನೀರು ನೇರಳೆಗೆ ತಿರುಗಿದ ದಿನ ಅವರ ಮುಖ ಬಿಳಿಚಿತು. ಪಂಪಿನ ಹಿಂದೆಯೇ ಇದ್ದದ್ದು ಅವರ ಒಡಹುಟ್ಟಿದ ತಮ್ಮ ಮಹಾಂತಪ್ಪನ ನೂಲಿಗೆ ಬಣ್ಣ ಹಾಕುವ ಮನೆ. ಪಂಪಿಗೆ ಸರಪಳಿ ಬಿಗಿಸಿ ನೇರ ಅಲ್ಲಿಗೆ ನಡೆದರು.

“ಊರಾಗ ಬಣ್ಣದ ಮನಿ ನಂದೊಂದ ಐತೇನು?” ತಮ್ಮ ರೇಗಿದ.

“ಬ್ಯಾರೇದೂ ನೋಡ್ತೇನಿ. ಮದಲ ನಿನ್ನ ಗಟಾರ ನೋಡೇನಿ,” ಎಂದು ನೇರಳೆ ನಳಿಕೆಯನ್ನು ಅವನ ಮುಖದೆದುರು ಹಿಡಿದರು.

ಅಂದಿನಿಂದ, ಆ ವಿಷ ಸೋಸಲೆಂದು, ಶಾಲೆಯ ಪ್ರಯೋಗಾಲಯದಲ್ಲಿ ತೆಂಗಿನ ಕರಟದ ಇದ್ದಲಿಯನ್ನು ಆ್ಯಸಿಡ್‌ನಲ್ಲಿ ನೆನೆಸಿ, ತೊಳೆದು ಒಣಗಿಸಿದರು. “ಬರೇ ಇದ್ದಲಿ ಬಣ್ಣ ಹಿಡೀತೈತ್ರಿ, ಲೋಹ ಪೂರಾ ಹಿಡಿಯಂಗಿಲ್ಲ,” ಎನ್ನುತ್ತಿದ್ದರು. ಅದನ್ನು ಡ್ರಮ್ಮಿಗೆ ತುಂಬಿ, ಬಣ್ಣದ ಮನೆಯ ಕೊಳೆನೀರನ್ನು ಅದರೊಳಗೆ ಹಾಯಿಸಿದರು.

ನೀರು ತಿಳಿಯಾಗಿ ಇಳಿಯಿತು. “ಆತಲ್ಲ ಅಕ್ಕಾ!” ಎಂದು ಮಹಾಂತಪ್ಪ ಗಟಾರದ ಕಡೆಯ ನಳ ತಿರುಗಿಸಹೋದ. ಟೀಚರ್ ಅಂಗೈಯನ್ನೇ ಕೊಳವೆಗೆ ಒತ್ತಿ ಹಿಡಿದು, ಸೀಸೆ ತೆರೆಯಲು ನನಗೆ ಸನ್ನೆ ಮಾಡಿದರು. ನಾನು ಇಳಿದ ನೀರನ್ನು ನಳಿಕೆಗೆ ಹಿಡಿದು ಹನಿ ಹಾಕಿದೆ. ಕೆಲಸದವರೆಲ್ಲ ಸುತ್ತ ನಿಂತಿದ್ದರು. ನಳಿಕೆಯ ತಳದಿಂದ ನೇರಳೆ ಮೆಲ್ಲಗೆ ಮೇಲೆದ್ದಿತು.

“ಮನಿ ಬಂದ್ ಮಾಡು. ಇದ್ದಲಿ ಇನ್ನೂ ವಿಷ ಹಿಡಿದಿಲ್ಲ.”

“ನೀ ನನ್ನ ಅಕ್ಕನೋ, ವೈರಿಯೋ?”

“ಅಕ್ಕ. ಅದಕ್ಕ ಮದಲ ನಿನಗ ಹೇಳಾಕ ಬಂದೇನಿ.”

ಬಣ್ಣದ ಮನೆ ಮುಚ್ಚಿತು. ಮೂರನೆಯ ಸಲ ತುಂಬಿದ ಇದ್ದಲಿಯಿಂದ ಇಳಿದ ನೀರು ಬಣ್ಣ ಬದಲಿಸಲಿಲ್ಲ. ಟೀಚರ್ ಆ ನಳಿಕೆಯನ್ನು ತಮ್ಮನ ಕೈಗಿತ್ತರು. ಕೆಲಸ ಮತ್ತೆ ಶುರುವಾಯಿತು, ಆದರೆ ಮಹಾಂತಪ್ಪ ಅಕ್ಕನೊಡನೆ ಮಾತು ಬಿಟ್ಟ.

ಮರುವರ್ಷ ಟೀಚರ ಹೃದಯ ಕೈಕೊಟ್ಟಿತು. ಬಾಗಲಕೋಟೆಯ ದವಾಖಾನೆಯಲ್ಲಿ ನಾನು ಪಕ್ಕದಲ್ಲಿದ್ದಾಗ, ಒಂದು ಬೆಳಿಗ್ಗೆ, ಮಹಾಂತಪ್ಪ ಬಂದು ಬಾಗಿಲಲ್ಲೇ ನಿಂತ.

“ಅಕ್ಕಾ, ಡ್ರಮ್ಮಿನ ಇದ್ದಲಿ ಹಿಡಿಯೂದು ಬಿಟ್ಟಿತ್ತು. ನಿನ್ನೆ ಬದಲಿ ಮಾಡೇನಿ.”

ಅವರು ಕಷ್ಟಪಟ್ಟು ಕಣ್ಣು ತೆರೆದರು. “ಹಳೇದನ್ನ ಎಲ್ಲಿ ಹಾಕಿದಿ?”

ಅವನು ತಲೆ ತಗ್ಗಿಸಿದ. “ಪಂಪಿನ ಬಾಜೂಕ... ಗ್ವಾಡಿ ಕಡೆ.”

“ಹಿಡಿದ ವಿಷ ಎಲ್ಲಾ ಅದರಾಗ ಐತೋ! ಹೋಗು, ಡ್ರಮ್ಮಿಗೆ ತುಂಬಿ ಮುಚ್ಚಿಡು. ಮಳಿ ಬರೂದ್ರೊಳಗ.”

ಕಿಟಕಿಯಾಚೆ ಮೋಡ ಕಟ್ಟಿತ್ತು. ಮಹಾಂತಪ್ಪ ಮೆಟ್ಟಿಲಿಳಿದು ಇಳಕಲ್ಲಿನ ಬಸ್ಸಿಗೆ ಓಡಿದ. ಸಂಜೆ ಮೊಳಕೈತನಕ ಕಪ್ಪು ಮೆತ್ತಿದ ಕೈಗಳಲ್ಲಿ, “ಒಂದ ಚೂರೂ ಬಿಟ್ಟಿಲ್ಲಕ್ಕಾ,” ಎನ್ನುತ್ತಲೇ ಅವನು ಒಳಗೆ ಬಂದಾಗ, ನರ್ಸ್ ಖಾಲಿ ಹಾಸಿಗೆಯ ಚಾದರ ಬದಲಿಸುತ್ತಿದ್ದಳು.