ಎದೆಯೊಳಗಿನ ಯಂತ್ರ

ಅಡಕೊತ್ತಿನ ಬಾಯಲ್ಲಿ ಅರ್ಧ ಕತ್ತರಿಸಿದ ಅಡಿಕೆ ಹಾಗೇ ಸಿಕ್ಕಿಕೊಂಡಿರುತ್ತಿತ್ತು. ಟಿವಿಯಲ್ಲಿ ಆಕಾಶದ ಹಡಗು ಮೇಲೇಳುವಾಗ ನಮ್ಮ ಅತ್ತೆಯವರ ಕೈ ನಿಂತುಬಿಡುತ್ತಿತ್ತು. ಹಡಗು ನಕ್ಷತ್ರಗಳ ನಡುವೆ ಸೇರಿದ ಮೇಲೆಯೇ ಕಟ್ ಎಂಬ ಸದ್ದು.

ಪುಣೆಯ ಕೋಥರೂಡದ ನಮ್ಮ ಮನೆಗೆ ಟಿವಿ ಬಂದದ್ದು ಎಂಬತ್ತರ ದಶಕದ ನಡುವೆ. ಭಾನುವಾರ ಬೆಳಿಗ್ಗೆ ಬರುತ್ತಿದ್ದ ಆ ಇಂಗ್ಲಿಷ್ ಧಾರಾವಾಹಿಯ ಒಂದು ಮಾತೂ ಅವರಿಗೆ ತಿಳಿಯುತ್ತಿರಲಿಲ್ಲ. ಮ್ಯಾಟ್ರಿಕ್ ಓದಿದ ನನಗೂ ಅಷ್ಟಕ್ಕಷ್ಟೆ. ಆದರೆ ಅವರ ಅಭಿಪ್ರಾಯಗಳಿಗೆ ಮಾತು ತಿಳಿಯಬೇಕಾಗಿರಲಿಲ್ಲ. ಬಾಗಿಲು ತಾನೇ ತೆರೆಯುವ ಮನೆಗೆ ಮಾನ ಇರುವುದಿಲ್ಲ ಎನ್ನುತ್ತಿದ್ದರು. ಹಡಗಿನವರೆಲ್ಲರಿಗೂ ಒಂದೇ ಬಟ್ಟೆ ಹೊಲಿಸಿದ್ದನ್ನು ಮಾತ್ರ ಮೆಚ್ಚಿದ್ದರು. ಒಂದು ದಿನ ಪೂರ್ತಿ ಕಂತು ನೋಡಿ ಕೇಳಿದರು: "ಇಷ್ಟ ದೊಡ್ಡ ಹಡಗ, ಒಬ್ಬಾಕಿ ಮುದುಕಿ ಇಲ್ಲ. ಎಲ್ಲಿ ಬಿಟ್ಟ ಬಂದ್ರು ಇವರು?"

ಒಂದು ಸಿನಿಮಾದ ಮಾತು ಬಂದರೆ ಮಾತ್ರ ಅವರ ಮುಖ ಬಿಗಿಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ಮಾವನವರು ಅವರನ್ನು ಕ್ಯಾಂಪಿನ ಥಿಯೇಟರಿಗೆ ಕರೆದೊಯ್ದಿದ್ದರಂತೆ. ಅದರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿಸಿದ್ದ ಜನರನ್ನು ಯಂತ್ರವೊಂದು ವರ್ಷಾನುಗಟ್ಟಲೆ ಉಸಿರಾಡಿಸುತ್ತದೆ. ಅತ್ತೆಯವರು ನಡುವೆಯೇ ಎದ್ದು ಬಂದು, ಸಿನಿಮಾ ಮುಗಿಯುವವರೆಗೆ ಶೇಂಗಾ ಮಾರುವವಳ ಪಕ್ಕ ನಿಂತಿದ್ದರು. "ಸಾಯೂದು ಅವರದು. ಅದನ್ನೂ ಕಸಗೊಂಡ್ರು" ಎನ್ನುತ್ತಿದ್ದರು.

ಅವರಿಗೆ ತಲೆ ಸುತ್ತಿ ಬೀಳುವುದು ಶುರುವಾದದ್ದು ಟಿವಿ ಬಂದ ಮರುವರ್ಷ. ಮೊದಲು ಬಚ್ಚಲಲ್ಲಿ ಬಿದ್ದರು, ಆಮೇಲೆ ಬಸ್ ಸ್ಟಾಪಿನಲ್ಲಿ. ಆಸ್ಪತ್ರೆಗೆ ಸೇರಿಸಿದ ಮೇಲೆ, ಎದೆಯ ಬಡಿತ ನಡುನಡುವೆ ನಿಂತೇ ಹೋಗುತ್ತಿದೆ, ಮುಂದಿನ ಸಲ ನಿಂತದ್ದು ಮತ್ತೆ ಹೊರಡದೆ ಇರಬಹುದು ಎಂದು ಡಾಕ್ಟರು ಹೇಳಿದರು. "ಛಾತೀತ ಯಂತ್ರ ಬಸವಾವ ಲಾಗೇಲ" ಎಂದರು. ಎದೆಯಲ್ಲಿ ಯಂತ್ರ ಕೂರಿಸಬೇಕಾಗುತ್ತದೆ.

ಮರಾಠಿಯಲ್ಲಿ ಯಂತ್ರ ಎಂದರೆ ಮಶೀನು. ಆದರೆ ಧಾರವಾಡದಿಂದ ಓಡಿಬಂದಿದ್ದ ಅತ್ತೆಯವರ ತಂಗಿಗೆ ಯಂತ್ರವೆಂದರೆ ತಾಯತ. ಅಕ್ಕ ತಾಯತ ಕಟ್ಟಿಸಿಕೊಳ್ಳಲಿಲ್ಲವೆಂಬುದು ಅವರ ಹಳೆಯ ಸಿಟ್ಟು. ಅವರು ಹಣೆ ಮುಟ್ಟಿಕೊಂಡು ಅಂದರು: "ನಾ ಬಡಕೊಂಡೆ, ಯಂತ್ರ ಕಟ್ಟಿಸ್ಕೋ ಅಂತ. ಈಗ ನೋಡು, ಡಾಕ್ಟರs ಹೇಳಾಕತ್ತಾರ."

ಅತ್ತೆಯವರು ನಕ್ಕರು. ನಗು ಕೆಮ್ಮಾಗಿ, ತುಟಿ ನೀಲಿಗಟ್ಟಿ, ನರ್ಸ್ ಓಡಿಬಂದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ತಂಗಿಗೆ ಹೇಳಿದರು: "ಹುಚ್ಚಿ, ಕಟ್ಟಿದ್ದನ್ನ ಬಿಚ್ಚಬಹುದು. ಇದು ಒಳಗ ಇಡೂದು."

ನಮಗೆ ಆಗ ತಿಳಿಯಿತು, ಅವರ ತಲೆಯಲ್ಲಿ ಆ ಗಾಜಿನ ಪೆಟ್ಟಿಗೆಗಳೇ ಓಡುತ್ತಿವೆ ಎಂದು. ನನ್ನ ಗಂಡ ಕೈ ಮುಗಿದು ಬೇಡಿಕೊಂಡರು. ಅತ್ತೆಯವರು ಗೋಡೆಯ ಕಡೆ ತಿರುಗಿ ಮಲಗಿದರು. ಸಂಜೆ ಡಾಕ್ಟರು ಮತ್ತೆ ಬಂದಾಗ, ಅತ್ತೆಯವರು ತಮಗೆ ಮರಾಠಿ ಚೆನ್ನಾಗಿ ಬರುತ್ತಿದ್ದರೂ, ನನ್ನನ್ನು ಹತ್ತಿರ ಕರೆದು ಕನ್ನಡದಲ್ಲಿ ಹೇಳಿದರು: "ಕೇಳs ಹುಡುಗಿ, ನನ್ನ ಹೊತ್ತು ಬಂದಾಗ ಅದು ನನ್ನ ಬಿಡತದೇನು?"

ನಾನು ಅದನ್ನೇ ಡಾಕ್ಟರಿಗೆ ಮರಾಠಿಯಲ್ಲಿ ಕೇಳಿದೆ. ಡಾಕ್ಟರು ನಗಲಿಲ್ಲ. ಮಂಚದ ಅಂಚಿಗೆ ಕುಳಿತು, ಅದು ಹೃದಯವನ್ನು ಮೆಲ್ಲಗೆ ತಟ್ಟುತ್ತದೆ ಅಷ್ಟೇ, ಹೃದಯ ತನಗೆ ಸಾಕು ಅಂದಾಗ ಎಷ್ಟು ತಟ್ಟಿದರೂ ಏಳುವುದಿಲ್ಲ ಎಂದರು.  ಅತ್ತೆಯವರು ನನ್ನ ಕಡೆ ತಿರುಗಿದರು.

"ಇಡಸ್ಕೋತೀನಿ. ಆದ್ರ ಮುಂದ ಇದರ ಮಾತ ಬಂದ್ರ ನೀ ಹೇಳಬೇಕು, ಅವ ಅಲ್ಲ. ಅವ ಮಗ. ಅವಗ ಆಗೂದಿಲ್ಲ."

ಆಮೇಲೆ ಅವರು ಮೂರು ವರ್ಷ ಬದುಕಿದರು. ಟಿವಿಯಲ್ಲಿ ಯಂತ್ರಮಾನವರು ಕಾಣಿಸಿಕೊಂಡರೆ ಅವರ ಪರವಾಗಿಯೇ ಮಾತಾಡುತ್ತಿದ್ದರು. ತಪ್ಪು ಮಾಡಿದವನು ತಯಾರಿಸಿದವನು, ಪಾಪ ಅದಕ್ಕೇನು ಗೊತ್ತು ಎಂಬುದು ಅವರ ವಾದ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಓಣಿಯ ಡಾಕ್ಟರು ಬಂದು ನೋಡಿ, ಒಳಗಿರುವುದನ್ನು ತೆಗೆಯದೆ ಸುಡುವಂತಿಲ್ಲ, ಬೆಂಕಿಯಲ್ಲಿ ಸಿಡಿಯುತ್ತದೆ ಎಂದರು. ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತರು. ಅವ್ವನ ಮೈಗೆ ಮತ್ತೆ ಕತ್ತರಿ ಹಾಕಲು ಬಿಡುವುದಿಲ್ಲ ಎಂದರು. ಮೆಟ್ಟಿಲ ಮೇಲೆ ಜನ ಸೇರಿದ್ದರು, ಹೊರಗೆ ಚಟ್ಟ ಸಿದ್ಧವಾಗಿತ್ತು. ಎಲ್ಲರೂ ಮಗನ ಮುಖ ನೋಡುತ್ತಿದ್ದರು. ಆ ಮನೆಯಲ್ಲಿ ಹಿರಿಯರ ಎದುರು ನಾನು ಯಾವತ್ತೂ ಬಾಯಿ ತೆರೆದವಳಲ್ಲ.

"ಕಾಢಾ, ಡಾಕ್ಟರ್" ಎಂದೆ. ತೆಗೆಯಿರಿ.

ತೆಗೆದಾಗ ಅದು ಇನ್ನೂ ನಡೆಯುತ್ತಿದೆ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಾನು ಗಾಯ ಒರೆಸಿ, ಅರಿಶಿನ ಒತ್ತಿ, ಸೆರಗು ಸರಿಮಾಡಿದೆ. ನನ್ನ ಗಂಡ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಅತ್ತೆಯವರು ಒಮ್ಮೆಯೂ ನನ್ನನ್ನು ಮಗಳೆಂದು ಕರೆದವರಲ್ಲ. ಆದರೆ ಮಗಳಾಗಲಿ ಮಗನಾಗಲಿ ಹೇಳಲಾರದ ಮಾತನ್ನು ನನ್ನ ಬಾಯಿಗೆ ಬಿಟ್ಟು ಹೋದರು.