ಶ್ ಮಿಸ್ಸಿನ ಐದು ನಿಮಿಷ

ಮಕ್ಕಳು ಅವರಿಗಿಟ್ಟ ಹೆಸರು 'ಶ್ ಮಿಸ್ಸು'. ದಿನಾ ಮೊದಲ ಪೀರಿಯಡ್ಡಿಗೆ ಮುಂಚೆ ಐದು ನಿಮಿಷ ಧ್ಯಾನ ಮಾಡಿಸುವುದು ಅವರ ಕೆಲಸ. ಅದಕ್ಕಾಗಿ ಅವರೆಬ್ಬಿಸುವ ಗದ್ದಲ ಮಾತ್ರ ಇಡೀ ಶಾಲೆಗೆ ಕೇಳಿಸುತ್ತದೆ. ಕಿರುಗುಟ್ಟುವ ಫ್ಯಾನಿಗೂ "ಶ್!", ಬೂಟು ಸದ್ದು ಮಾಡುತ್ತ ಹಾದುಹೋದ ಹೆಡ್‌ಮಾಸ್ಟರಿಗೂ "ಶ್!". "ಏ ಕೊನೇ ಬೆಂಚು, ಉಸಿರು ಬಿಡು ಅಂದೆ, ಸೀಟಿ ಹೊಡಿ ಅನ್ಲಿಲ್ಲ!" ನಲವತ್ತು ಜೊತೆ ಕಣ್ಣು ಮುಚ್ಚಿದರೂ ತಾವು ಮಾತ್ರ ಮುಚ್ಚುವುದಿಲ್ಲ. ಕಳ್ಳಗಣ್ಣು ಬಿಡುವವರನ್ನು ಹಿಡಿಯಲು ಎಂದು ಮಕ್ಕಳ ಲೆಕ್ಕಾಚಾರ. ಆದರೆ ಅವರು ನೋಡುತ್ತ ನಿಲ್ಲುವುದು, ರೆಪ್ಪೆ ಕೂಡಿದೊಡನೆ ಎಂಥ ತುಂಟನ ಮುಖವೂ ಹಾಲುಗಲ್ಲದ ಹಸುಳೆಯದಾಗುವ ಚಂದವನ್ನು. ಮಿಸ್ಸು ಗಂಡನಿಂದ ಬೇರೆಯಾದ ಮೇಲೆ ಅವರ ಪುಟ್ಟ ಮಗಳು ಅಪ್ಪನ ಮನೆಯಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತಾಳೆ. ಅವಳು ಮಲಗಿದ್ದನ್ನು ಮಿಸ್ಸು ನೋಡಿ ಎರಡು ವರ್ಷವಾಯಿತು. ಹಾಗಾಗಿ ಪ್ರತಿ ಭಾನುವಾರ ಊಟವಾದ ಮೇಲೆ, "ಬಾ ಪುಟ್ಟಿ, ಐದೇ ನಿಮಿಷ ಧ್ಯಾನ, ಮನಸ್ಸಿಗೆ ಒಳ್ಳೇದು" ಎಂದು ಎದುರಿಗೆ ಕೂರಿಸಿಕೊಳ್ಳುತ್ತಾರೆ. "ಆಯ್ತಾ ಅಮ್ಮಾ?" ಎಂದು ಅವಳು ಕಣ್ಣು ಮುಚ್ಚಿಕೊಂಡೇ ಕೇಳುವ ಹೊತ್ತಿಗೆ ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ. "ಇನ್ನೂ ಎಲ್ಲಿ ಕಂದಾ," ಎನ್ನುತ್ತಾರೆ ಮಿಸ್ಸು, "ಈಗ ತಾನೇ ಶುರುವಾಯ್ತು."