ಆಕಾಶರಾಯರ ಕ್ಯಾಮೆರಾ

ಆಕಾಶರಾಯ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಊರಿನ ಎತ್ತರದ ಟವರುಗಳ ತುದಿ ಹತ್ತಿ ಕೆಂಪು ದೀಪ ಬದಲಾಯಿಸುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಸಡಿಲವಾದ ಬೋಲ್ಟು ಬಿಗಿ ಮಾಡುವುದು ಅವರ ಕೆಲಸವಾಗಿತ್ತು. ಆಯುಸ್ಸಿನ ಬಹುಪಾಲು ಮೇಲೆಯೇ ಕಳೆದ ಮನುಷ್ಯ. ಕೆಳಗಿನ ಜನರನ್ನು ಮುಖ ನೋಡಿ ಅಲ್ಲ, ನೆತ್ತಿ ನೋಡಿ ಗುರುತಿಸುತ್ತಿದ್ದರು. ಯಾರಿಗೆ ಕೂದಲು ಉದುರಲು ಶುರುವಾಗಿದೆ ಎಂಬುದು ಆ ಮನೆಯವರಿಗಿಂತ ಮೊದಲು ರಾಯರಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ.

ಮಂಡಿಗಳು ಕೈಕೊಟ್ಟ ಮೇಲೆ ಕಂಪನಿ ಅವರನ್ನು ಮರ್ಯಾದೆಯಿಂದಲೇ ಮನೆಗೆ ಕಳಿಸಿತು. ಮನೆಯಲ್ಲಿ ಕೂತ ರಾಯರು ಹೆಂಡತಿಯ ಪ್ರಾಣ ತಿಂದರು. ಪಾತ್ರೆ ಜೋಡಿಸಿದ್ದು ಸರಿಯಿಲ್ಲ, ಬಟ್ಟೆ ಒಣಹಾಕುವ ಹಗ್ಗದ ಗಂಟು ಸರಿಯಿಲ್ಲ, ಕಿಟಕಿಯ ಅಂಚಿನಲ್ಲಿಟ್ಟ ಹೂಕುಂಡ ಯಾರ ತಲೆಯ ಮೇಲಾದರೂ ಬಿದ್ದೀತು. ಟವರಿನವರ ಮೊದಲ ಪಾಠವೇ ಅದು: ಮೇಲೆ ಹೋಗುವವನ ಮೈಮೇಲೆ ಸಡಿಲವಾದದ್ದು ಏನೂ ಇರಕೂಡದು. ಜೇಬು ಖಾಲಿ, ಉಂಗುರ ಇಲ್ಲ, ಕೈಗಡಿಯಾರ ಇಲ್ಲ, ಫೋನಂತೂ ಇಲ್ಲವೇ ಇಲ್ಲ. ಹೀಗಾಗಿ ಅಷ್ಟು ವರ್ಷ ಊರನ್ನು ಮೇಲಿನಿಂದ ಕಂಡ ಮನುಷ್ಯನ ಹತ್ತಿರ ಅಲ್ಲಿಂದ ತೆಗೆದ ಒಂದೇ ಒಂದು ಫೋಟೋ ಇರಲಿಲ್ಲ.

"ಅಪ್ಪ, ನಿನಗೊಂದು ಕ್ಯಾಮೆರಾ ಕೊಡಿಸ್ತೀನಿ," ಎಂದಳು ಮಗಳು ಒಂದು ದಿನ. "ಅಮ್ಮನ್ನ ಸ್ವಲ್ಪ ಉಸಿರಾಡೋಕೆ ಬಿಡು."

ಮಗಳೂ ಅದೇ ಕಂಪನಿಯಲ್ಲಿದ್ದಳು, ಆದರೆ ಆಫೀಸಿನಲ್ಲಿ. ಯಾರು ಯಾವ ಟವರಿಗೆ ಹೋಗಬೇಕು ಎಂದು ಹಂಚುವುದು, ಫೋನು ಎತ್ತುವುದು. ಫ್ಯಾನಿನ ಕೆಳಗಿನ ಕೆಲಸ. ಸೇರುವ ಮುಂಚೆಯೇ ರಾಯರು ಅವಳ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು: ಯಾರು ಹೇಳಿದರೂ ಮೇಲೆ ಹತ್ತಕೂಡದು. ಅವರ ಹೆದರಿಕೆಗೆ ಕಾರಣವಿತ್ತು. ಒಮ್ಮೆ ಗಾಳಿ ಎದ್ದಾಗ ಸೊಂಟದ ಬೆಲ್ಟಿನ ಕೊಕ್ಕೆ ಏಣಿಗೆ ಸರಿಯಾಗಿ ಕಚ್ಚದೆ ರಾಯರು ಒಂದೇ ಕೈಯಲ್ಲಿ ನೇತಾಡಿದ್ದರು. ಮಂಡಿ ಕಂಬಿಗೆ ಬಡಿದದ್ದು ಆಗಲೇ. ಆವತ್ತಿನಿಂದ ಕೊಕ್ಕೆ ಹಾಕಿದ ಮೇಲೆ ಬೆರಳ ಗೆಣ್ಣಿನಿಂದ ಅದನ್ನು ಎರಡು ಸಲ ತಟ್ಟಿ, ಸದ್ದು ಕೇಳಿ, ಆಮೇಲೆಯೇ ಮುಂದಿನ ಹೆಜ್ಜೆ ಇಡುತ್ತಿದ್ದರು. "ರಾಯರು ಬಾಗಿಲು ತಟ್ತಿದಾರೆ, ಒಳಗಿಂದ ಯಾರು ಬರ್ತಾರೋ," ಎಂದು ಜೊತೆಯವರು ನಗುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಮನೆಯ ಮೆಟ್ಟಿಲ ಕಂಬಿಗೆ ಹಳೆಯ ಕೊಕ್ಕೆ ಸಿಕ್ಕಿಸಿ ಹಾಗೆಯೇ ತಟ್ಟಿ ಆಡುತ್ತಿದ್ದಳು. ಆಟವಲ್ಲವೇ ಎಂದು ರಾಯರೂ ಕೂತು ಕಲಿಸಿದ್ದರು.

ಇತ್ತೀಚೆಗೆ ಅವಳ ಅಂಗೈ ಜಡ್ಡುಗಟ್ಟಿದ್ದು ಅವರ ಕಣ್ಣಿಗೆ ಬಿದ್ದಿತ್ತು. "ಜಿಮ್‌ಗೆ ಸೇರಿದೀನಪ್ಪ, ಕಬ್ಬಿಣ ಎತ್ತಿ ಎತ್ತಿ ಹೀಗಾಗಿದೆ," ಎಂದಳು. ರಾಯರು ನಂಬಿದರು. ನಂಬಿ ಸುಮ್ಮನಾಗಲಿಲ್ಲ, ನನ್ನ ಮಗಳು ಜಿಮ್‌ಗೆ ಹೋಗುತ್ತಾಳೆ ಎಂದು ಬೀದಿಯಲ್ಲೆಲ್ಲ ಡಂಗುರ ಸಾರಿ ಬಂದರು.

ಇನ್ನು ಯಾವ ಕ್ಯಾಮೆರಾ ಎಂಬ ಪ್ರಶ್ನೆ. ಮಗಳದು ಡಿಎಸ್‌ಎಲ್‌ಆರ್ ಪಕ್ಷ. "ಹೊಸದಾಗಿ ಕಲಿಯೋರಿಗೆ ಅಂತಲೇ ಒಂದು ಬರುತ್ತೆ. ಸೆನ್ಸರ್ ದೊಡ್ಡದು, ಮಬ್ಬು ಬೆಳಕಲ್ಲೂ ಚಿತ್ರ ಚೆನ್ನಾಗಿ ಬೀಳುತ್ತೆ. ಜೊತೆಗೆ ಕೊಡೋ ಚಿಕ್ಕ ಲೆನ್ಸೇ ನಿನಗೆ ಸಾಕು. ಬೇಕಾದ್ರೆ ಮುಂದೆ ಬೇರೆ ಲೆನ್ಸ್ ಹಾಕ್ಕೋಬಹುದು."

ರಾಯರ ಕಣ್ಣು ಸೂಪರ್‌ಜೂಮ್ ಮೇಲೆ. ಅದೂ ನೋಡಲು ಹಾಗೇ ದಪ್ಪ. ಆದರೆ ಲೆನ್ಸ್ ಮೈಗೇ ಕೂಡಿಕೊಂಡಿರುತ್ತದೆ, ಬಿಚ್ಚಲು ಬರುವುದಿಲ್ಲ. ಉದ್ದಕ್ಕೆ ಚಾಚಿಕೊಂಡು ಎಲ್ಲೋ ದೂರದಲ್ಲಿದ್ದದ್ದನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ.

"ಬಿಚ್ಚೋಕೆ ಬರೋದು ಒಂದಲ್ಲ ಒಂದಿನ ಬೀಳುತ್ತೆ ಪುಟ್ಟಿ. ಒಂದೇ ತುಂಡಾಗಿದ್ರೆ ಒಳ್ಳೇದು," ಎಂದರು. ಕ್ಯಾಮೆರಾ ಆರಿಸಲು ಇಂಥ ಕಾರಣ ಹೇಳಿದವರು ಪ್ರಪಂಚದಲ್ಲಿ ಬೇರೆ ಯಾರೂ ಇರಲಾರರು. ಒಳಗಿನ ಆಸೆ ಬೇರೆಯೇ ಇತ್ತು. ಎಲ್ಲಕ್ಕಿಂತ ಎತ್ತರದ ಟವರಿನ ತುದಿಯ ಅಟ್ಟಣಿಗೆಯಲ್ಲಿ, ಒಂದು ಮೂಲೆಗೆ, ಹದ್ದೊಂದು ಗೂಡು ಕಟ್ಟಿತ್ತು. ಆ ಮೂಲೆಯನ್ನು ಬಿಟ್ಟು ಬಣ್ಣ ಬಳಿದು, ಮೇಸ್ತ್ರಿಯಿಂದ ಬೈಸಿಕೊಂಡು ರಾಯರು ಉಳಿಸಿದ ಗೂಡು ಅದು. ಈಗಲೂ ಇದೆಯೋ ಇಲ್ಲವೋ ನೋಡಬೇಕು, ಅಷ್ಟೇ.

"ಆ ಜೂಮ್ ಎಲ್ಲ ಬರೀ ಬೊಗಳೆ ಅಪ್ಪ. ದೂರದ್ದೆಲ್ಲ ಮಸುಕು ಮಸುಕು," ಎಂದು ಮಗಳು ಊಟಕ್ಕೆ ಕೂತಾಗಲೂ ಅದೇ ರಾಗ ಎಳೆದಳು. ನನ್ನ ಕ್ಯಾಮೆರಾದ ಬಗ್ಗೆ ಎಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾಳಲ್ಲ ಎಂದು ರಾಯರು ಉಬ್ಬಿಹೋದರು.

ಹೆಂಡತಿಯನ್ನು ಕೇಳಿದರೆ, "ನನ್ನನ್ನ ಇದರಲ್ಲಿ ಎಳೀಬೇಡಿ. ದೂರದ್ದು ನೋಡೋ ಯಂತ್ರ ಈಗಾಗ್ಲೇ ಒಂದಿದೆ, ಕಪಾಟಿನ ಮೇಲೆ," ಎಂದರು.

ಅದೊಂದು ಹಳೆಯ ಕಥೆ. ಮದುವೆಯಾದ ಹೊಸದರಲ್ಲಿ ರಾಯರು ಹೆಂಡತಿಗೆ ಬೈನಾಕ್ಯುಲರ್ ತಂದುಕೊಟ್ಟಿದ್ದರು. ತಾರಸಿಯ ಮೇಲೆ ನಿಂತು ಗಂಡನ ಸಾಹಸವನ್ನು ಕಣ್ತುಂಬ ನೋಡಲಿ ಎಂಬ ಹುಮ್ಮಸ್ಸು. ಆಕೆ ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ. ತಾರಸಿಗೆ ಹೋಗುತ್ತಿದ್ದರು, ದೂರದ ಟವರಿನ ಮೇಲಿನ ಚುಕ್ಕಿಯನ್ನು ಬರಿಗಣ್ಣಿನಲ್ಲಿ ನೋಡಿ ಇಳಿದು ಬರುತ್ತಿದ್ದರು. ರಾಯರಿಗೆ ಒಳಗೊಳಗೇ ಬೇಜಾರು. "ಅದರ ಮೇಲೆ ಕಾವು ಕೂತಿದೀಯಾ? ಮರಿ ಯಾವಾಗ ಬರುತ್ತೆ?" ಎಂದು ವರ್ಷಗಟ್ಟಲೆ ಹಂಗಿಸಿದರು. ಆಕೆ ಒಮ್ಮೆಯೂ ಉತ್ತರ ಕೊಟ್ಟವರಲ್ಲ.

ಕೊನೆಗೆ ರಾಯರು ಒಬ್ಬರೇ ಅಂಗಡಿಗೆ ಹೊರಟರು. ಅಂಗಡಿಯವನು ಅವರ ಹೆಸರು ಕೇಳಿದ ಕೂಡಲೇ ಡಿಎಸ್‌ಎಲ್‌ಆರ್ ತಂದು ಮುಂದಿಟ್ಟ. ಸೂಪರ್‌ಜೂಮ್ ಎಂದರೆ ಅವನ ಮುಖ ಸಣ್ಣಗಾಯಿತು.

"ಅದು... ಸದ್ಯಕ್ಕೆ ಖಾಲಿ ಆಗಿದೆ ಸರ್."

"ಹೌದಾ? ಮತ್ತೆ ನಿಮ್ಮ ಬೆನ್ನ ಹಿಂದೆ ಗಾಜಿನೊಳಗೆ ಕೂತಿದೆಯಲ್ಲ, ಅದೇನು ಇಸ್ತ್ರಿ ಪೆಟ್ಟಿಗೆಯಾ?"

ಅಂಗಡಿಯವನು ತಲೆ ಕೆರೆದುಕೊಂಡು ಅದನ್ನೂ ತೆಗೆದುಕೊಟ್ಟ. ರಾಯರು ಎರಡನ್ನೂ ಹೊತ್ತು ಬಾಗಿಲಿಗೆ ಬಂದರು. ಬಂದವರು ಕಣ್ಣಿಗೆ ಹಿಡಿಯಲಿಲ್ಲ. ಮೊದಲು ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಜಗ್ಗಿ ನೋಡಿದರು. ನೆಲದ ಮೇಲೆ ನಿಂತು ಹಿಡಿಯುವ ವಸ್ತುವಿಗೆ ಇಷ್ಟು ಬಂದೋಬಸ್ತು ಕಂಡು ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

ಎತ್ತರದ ಟವರು ಅಲ್ಲಿಂದ ಎರಡು ಬೀದಿ ಆಚೆಗೆ, ಮನೆಗಳ ಮೇಲೆ ಎದ್ದು ನಿಂತಿತ್ತು. ಡಿಎಸ್‌ಎಲ್‌ಆರ್‌ನಲ್ಲಿ ನೋಡಿದರು. ಆಕಾಶ, ಮೋಡ, ಮನೆಗಳ ಸಾಲು ಎಲ್ಲ ತೊಳೆದಿಟ್ಟಷ್ಟು ಸ್ವಚ್ಛ. ಟವರು ಮಾತ್ರ ಒಂದು ಸಣ್ಣ ಗೆರೆ. ಗೆರೆಯ ತುದಿಗೆ ಹತ್ತಿರ ಒಂದು ಚುಕ್ಕಿ ಅಲುಗಿತು.

"ಯಾರೋ ಹತ್ತಿದಾರೆ," ಎಂದು ರಾಯರು ಸಡಗರದಿಂದ ಸೂಪರ್‌ಜೂಮ್ ಎತ್ತಿಕೊಂಡರು. ಲೆನ್ಸ್ ಮುಂದಕ್ಕೆ ಚಾಚಿತು. ಟವರಿನ ಕಂಬಿಗಳು ಒಂದೊಂದಾಗಿ ಬಿಡಿಸಿಕೊಂಡವು. ತಾವೇ ಬಳಿದ ಬಣ್ಣ, ಅಟ್ಟಣಿಗೆ, ಮೂಲೆಯಲ್ಲಿ ಕಡ್ಡಿಗಳ ಗೂಡು! ಗೂಡು ಇದೆ! ರಾಯರು ಅಲ್ಲೇ ಒಂದು ಸಣ್ಣ ಕೂಗು ಹಾಕಿದರು. ಗೂಡಿಗೆ ಸ್ವಲ್ಪ ಕೆಳಗೆ ಹೆಲ್ಮೆಟ್ ತೊಟ್ಟ ಒಂದು ಜೀವ, ಏಣಿಗೆ ಮುಖ ಮಾಡಿ ಹತ್ತುತ್ತಿತ್ತು.

"ಹೊಸ ಹುಡುಗ," ಎಂದರು ಅಂಗಡಿಯವನಿಗೆ, ಕಣ್ಣು ತೆಗೆಯದೆ. "ನಡೆ ನೋಡಬೇಕು ನೀವು, ಒಂಚೂರೂ ಅವಸರ ಇಲ್ಲ. ಒಂದು ಕೊಕ್ಕೆ ಕಚ್ಚಿದ ಮೇಲೇ ಇನ್ನೊಂದು ಬಿಚ್ತಾನೆ. ಎಡಗೈ ಗ್ಲೌಸ್ ಹೆಬ್ಬೆರಳ ಹತ್ತಿರ ಹರಿದಿದೆ, ಅದೊಂದು ಬಿಟ್ರೆ ಬೆಟ್ಟು ಮಾಡೋ ಹಾಗಿಲ್ಲ. ಯಾರೋ ಪುಣ್ಯಾತ್ಮ ಚೆನ್ನಾಗಿ ಕಲಿಸಿದಾನೆ."

ಮೇಲಿನ ಜೀವ ಕೊಕ್ಕೆ ಹಾಕಿತು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿತು.

ರಾಯರ ಮಾತು ಅಲ್ಲಿಗೇ ನಿಂತಿತು. ಇರಲಿ, ಯಾರೋ ನನ್ನನ್ನು ನೋಡಿ ಕಲಿತಿರಬೇಕು ಎಂದುಕೊಂಡರು. ಆದರೆ ಎಲ್ಲರೂ ನಕ್ಕವರೇ ಹೊರತು ಕಲಿತವರು ಯಾರು? ಅಷ್ಟರಲ್ಲಿ ಗೂಡಿನಿಂದ ಹದ್ದು ರೆಕ್ಕೆ ಬಡಿಯಿತು. ಹತ್ತುತ್ತಿದ್ದ ಜೀವ ಅದನ್ನು ಬೆದರಿಸಬಾರದೆಂದು ಪಕ್ಕಕ್ಕೆ ಸರಿದು, ಮುಖವನ್ನು ಬೀದಿಯ ಕಡೆಗೆ ತಿರುಗಿಸಿತು.

ಮಗಳು.

ರಾಯರು ಕ್ಯಾಮೆರಾ ಸರಿಸಿ ಬರಿಗಣ್ಣಿನಲ್ಲಿ ನೋಡಿದರು; ಚುಕ್ಕಿ. ಮತ್ತೆ ಕ್ಯಾಮೆರಾ ಹಿಡಿದರು, ಮಗಳು. ಜಡೆಯನ್ನು ಅಂಗಿಯ ಕಾಲರಿನೊಳಗೆ ತುರುಕಿಕೊಂಡಿದ್ದಾಳೆ, ತುಟಿ ಬಿಗಿಹಿಡಿದಿದ್ದಾಳೆ, ಗಾಳಿಗೆ ಅಂಗಿಯ ತೋಳು ಪಟಪಟ ಅನ್ನುತ್ತಿದೆ. ಅವಳ ಬೆನ್ನ ಹಿಂದೆ ಏನೂ ಇಲ್ಲ, ಬರೀ ಆಕಾಶ. ಅಷ್ಟು ವರ್ಷ ಅದೇ ಆಕಾಶದಲ್ಲಿ ಒಮ್ಮೆಯೂ ತಲೆ ತಿರುಗದ ಮನುಷ್ಯನಿಗೆ ಈಗ ಗಟ್ಟಿ ನೆಲದ ಮೇಲೆ, ಅಂಗಡಿಯ ಹೊಸ್ತಿಲಲ್ಲಿ, ತಲೆ ಗಿರ್ರೆಂದಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಪುಟ್ಟೀ ಎಂಬ ಕೂಗು ಗಂಟಲಿಗೆ ಬಂತು. ಮೇಲಿರುವವರನ್ನು ಕೆಳಗಿನಿಂದ ಎಂದೂ ಕೂಗಬಾರದು. ಎರಡು ಬೀದಿ ಆಚೆಗೆ ಕೇಳಿಸುವುದಿಲ್ಲ ಎಂಬುದೂ ಹೊಳೆಯದೆ ರಾಯರು ತಮ್ಮ ಬಾಯನ್ನು ತಾವೇ ಅಂಗೈಯಿಂದ ಒತ್ತಿ ಮುಚ್ಚಿಕೊಂಡರು.

"ಸರ್, ಏನಾಯ್ತು? ಕೂತ್ಕೊಳ್ಳಿ, ನೀರು ಕುಡೀರಿ," ಎಂದು ಅಂಗಡಿಯವನು ಗಾಬರಿಯಿಂದ ಸ್ಟೂಲು ತಂದ.

ರಾಯರು ಕೂತರು, ಆದರೆ ಕ್ಯಾಮೆರಾ ಇಳಿಸಲಿಲ್ಲ. ಇಳಿಸಿದರೆ ಅವಳು ಬಿದ್ದುಹೋಗುತ್ತಾಳೆ ಅನ್ನಿಸಿತು. ಆ ನೋಟವೇ ಅವಳ ಹಗ್ಗ ಅನ್ನುವ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಹಿಡಿದರು. ಅವಳು ದೀಪ ಬಿಚ್ಚಿದಾಗ ಇವರ ಉಸಿರು ನಿಂತಿತು. ಹೊಸದು ಕೂರಿಸಿ ತಿರುಪು ಹಾಕಿದಾಗ ಸ್ವಲ್ಪ ಬಂತು. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಕೊಕ್ಕೆ, ತಟ್ಟು, ತಟ್ಟು. ಸದ್ದು ಇಲ್ಲಿಗೆ ಬರುವಂತಿರಲಿಲ್ಲ. ರಾಯರಿಗೆ ಮಾತ್ರ ಎದೆಯೊಳಗೇ ಕೇಳಿಸುತ್ತಿತ್ತು. ಮನೆಗಳ ಮರೆಗೆ ಅವಳು ಇಳಿದು ಹೋದ ಮೇಲೂ ಬಹಳ ಹೊತ್ತು ಖಾಲಿ ಏಣಿಯನ್ನೇ ನೋಡುತ್ತ ಕೂತರು.

"ತಪ್ಪು ತಿಳ್ಕೋಬೇಡಿ ಸರ್," ಎಂದ ಅಂಗಡಿಯವನು ಮೆಲ್ಲಗೆ. "ನಿಮ್ಮ ಮಗಳು ನಿನ್ನೆ ಬಂದಿದ್ರು. ಅಪ್ಪ ಬಂದ್ರೆ ಜೂಮ್ ಕ್ಯಾಮೆರಾ ತೋರಿಸಲೇಬೇಡಿ ಅಂತ ಕೈಮುಗಿದು ಹೇಳಿ ಹೋದ್ರು. ಯಾಕೆ ಅಂತ ನಾನು ಕೇಳಲಿಲ್ಲ."

ರಾಯರು ಕಣ್ಣು ಕಣ್ಣು ಬಿಟ್ಟರು. ದೊಡ್ಡ ಸೆನ್ಸರು, ಮಬ್ಬು ಬೆಳಕು, ಬೇಕಾದರೆ ಬೇರೆ ಲೆನ್ಸು! ಜಿಮ್ಮು! ಕಬ್ಬಿಣ ಎತ್ತುವುದು! ಅಂಗೈ ತೋರಿಸಿ ಕಣ್ಣಿಗೆ ಮಣ್ಣೆರಚಿದ್ದಳಲ್ಲ! ಸಿಟ್ಟು ನೆತ್ತಿಗೇರಿತು. ಈಗಲೇ ಹೋಗಿ ಕಂಪನಿಯವರ ಕೊರಳಪಟ್ಟಿ ಹಿಡಿಯಬೇಕು, ಅವಳನ್ನು ಮನೆಗೆ ಎಳೆದು ತಂದು ಕೂರಿಸಬೇಕು ಎಂದು ಎದ್ದರು. ಎದ್ದವರು ನಿಂತುಬಿಟ್ಟರು. ತಪ್ಪು ಎಲ್ಲಿ ಹಿಡಿಯುವುದು? ಹುಡುಗ ಎಂದುಕೊಂಡಾಗ ಬಾಯ್ತುಂಬ ಹೊಗಳಿದ ಕೈ ಅದು. ಗೂಡಿಗೆ ದಾರಿ ಬಿಟ್ಟ ಜೀವ ಅದು.

ಎರಡು ಕ್ಯಾಮೆರಾಗಳೂ ಮುಂದಿದ್ದವು. ಸೂಪರ್‌ಜೂಮ್ ಕೊಂಡರೆ ದಿನಾ ತಾರಸಿಯ ಮೇಲೆ ನಿಂತು ಅವಳ ಒಂದೊಂದು ಹೆಜ್ಜೆಯನ್ನೂ ನೋಡಬಹುದು. ದಿನಾ ಎದೆ ಬಾಯಿಗೆ ಬರುತ್ತದೆ, ಏನನ್ನೂ ಮಾಡಲಾಗುವುದಿಲ್ಲ. ಕಪಾಟಿನ ಮೇಲಿನ ಪೆಟ್ಟಿಗೆ ನೆನಪಾಗಿ ರಾಯರಿಗೆ ನಾಚಿಕೆಯಾಯಿತು. ಹೆಂಡತಿಗೆ ನೋಡಲು ಇಷ್ಟವಿಲ್ಲದೆ ಇರಲಿಲ್ಲ. ಗಂಡ ಚುಕ್ಕಿಯಾಗಿದ್ದರೆ ಮಾತ್ರ ನೋಡಬಲ್ಲವರಾಗಿದ್ದರು.

"ಇದನ್ನ ಒಳಗಿಡಿ," ಎಂದು ಸೂಪರ್‌ಜೂಮ್ ಹಿಂದಕ್ಕೆ ಸರಿಸಿದರು. "ಚಿಕ್ಕ ಲೆನ್ಸಿಂದೇ ಕೊಡಿ."

ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದಿದ್ದರು. ರಾಯರ ಮುಖ ನೋಡಿದವರೇ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ನೋಡಿದ್ರಾ?"

ರಾಯರು ಹೌಹಾರಿದರು. "ನಿನಗೂ ಗೊತ್ತಿತ್ತಾ?"

"ಹೇಳಿದ್ದಳು. ನಿಮಗೆ ಹೇಳೋಕೆ ಅವಳಿಗೆ ಧೈರ್ಯ ಸಾಲಲಿಲ್ಲ."

"ಮತ್ತೆ ನೀನು... ನೀನು ಹೇಗೆ ಸುಮ್ನಿದ್ದೆ?"

"ನಿಮ್ಮ ಜೊತೆ ಬಾಳಿ ಅಭ್ಯಾಸ ಆಗಿದೆಯಲ್ಲ," ಎಂದರು ಆಕೆ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಮಗಳು ಬಂದಳು. ಬಂದವಳೇ ಮೇಜಿನ ಮೇಲಿದ್ದ ಪೆಟ್ಟಿಗೆ ತಿರುಗಿಸಿ ಓದಿ, "ಡಿಎಸ್‌ಎಲ್‌ಆರ್! ಅಬ್ಬ, ಕೊನೆಗೂ ನನ್ನ ಮಾತು ಕೇಳಿದೆಯಲ್ಲ ಅಪ್ಪ," ಎಂದು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರಿನ ಅರ್ಥ ಇವತ್ತು ರಾಯರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊಟಕ್ಕೆ ಕೂತಾಗ ರಾಯರು ಕ್ಯಾಮೆರಾ ಎತ್ತಿದರು. ಚಿಕ್ಕ ಲೆನ್ಸು, ತಾಯಿ ಮಗಳು ಇಬ್ಬರೂ ಹಿಡಿಸಬೇಕೆಂದರೆ ಒಂದೆರಡು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಮಗಳು ನೀರಿನ ಲೋಟ ಹಿಡಿದು ನಕ್ಕಳು. ರಾಯರು ಒತ್ತಿದರು. ಚಿತ್ರ ಅವಳು ಹೇಳಿದಂತೆಯೇ ಬಹಳ ಚೆನ್ನಾಗಿ ಬಂದಿತ್ತು. ಅಂಗೈಯ ಜಡ್ಡು, ಎಡಗೈ ಹೆಬ್ಬೆರಳ ಬುಡದಲ್ಲಿ ಹೊಸದಾಗಿ ಕೆರೆದ ಗಾಯ, ಎಲ್ಲ ಕಾಣಿಸುತ್ತಿತ್ತು.

ರಾಯರು ಬಂದು ತಟ್ಟೆಯ ಮುಂದೆ ಕೂತರು. ಒಂದು ತುತ್ತು ಕಲಸಿದರು, ಬಾಯಿಗಿಡಲಿಲ್ಲ.

"ಪುಟ್ಟಿ," ಎಂದರು. "ಎಡಗೈ ಗ್ಲೌಸ್ ಹರಿದಿದೆ. ನಾಳೆ ಹೊಸದು ಹಾಕ್ಕೊಂಡೇ ಹತ್ತು."

ಮಗಳ ಕೈಯಲ್ಲಿದ್ದ ಲೋಟ ಜಾರಿ ತಟ್ಟೆಯ ಮೇಲೆ ಬಿತ್ತು, ನೀರು ಊಟದ ಮೇಲೆಲ್ಲ ಹರಿಯಿತು. ಅವಳು ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು. ಕಡೆಗೆ ಒಂದೇ ಒಂದು ಮಾತು ಬಂತು.

"ಗೂಡಲ್ಲಿ ಮರಿ ಇದೆ ಅಪ್ಪ."